ಪತ್ತೆಯಾಗಿಲ್ಲ

ಗೋಡೆಯಾಚೆ ಲಿಫ್ಟು ಬಂದು ನಿಂತ ಸದ್ದು, ಬಾಗಿಲು ಮುಚ್ಚಲು ಹೋಗಿ ಮುಚ್ಚದೆ ಮತ್ತೆ ತೆರೆದುಕೊಂಡಿತು, ಮತ್ತೊಮ್ಮೆ ಹಾಗೇ, ಮೂರನೆಯ ಸಲಕ್ಕೆ ಮುಚ್ಚಿತು — ಕೆಳಗಿನ ಜಾಡಿನಲ್ಲಿ ಕಸ ಕೂತಿದೆ, ಚಾಕೊಲೇಟಿನ ಕಾಗದವೋ ಬೆಂಕಿಕಡ್ಡಿಯೋ, ಮತ್ತೇನಲ್ಲ, ನೂರು ದೂರು ಬಂದರೆ ಎಂಬತ್ತು ಬಾಗಿಲಿನದೇ, ಜನ ಮಾತ್ರ ಹಗ್ಗ ಹರಿದು ಬಿದ್ದೇವು ಎಂದು ಹೆದರುತ್ತಾರೆ, ಹದಿನಾರು ವರ್ಷದಿಂದ ಲಿಫ್ಟು ರಿಪೇರಿ ಮಾಡುತ್ತಿರುವ ಅವನು ಹಗ್ಗ ಹರಿದದ್ದನ್ನು ಒಮ್ಮೆಯೂ ಕಂಡವನಲ್ಲ, ಒಂದು ಸ್ಕ್ರೂಡ್ರೈವರ್ ಇದ್ದರೆ ಎರಡು ನಿಮಿಷದ ಕೆಲಸ, ಎದ್ದು ಹೋಗಿಬಿಡಲೇ, ನಿಮ್ಮ ಲಿಫ್ಟ್ ಒಂದು ನೋಡಿ ಬರ್ತೀನಿ ಕಣೇ ಅಂತ ತಂಗಿಗೆ ಹೇಳಿ — ಇಲ್ಲ, ಇವತ್ತು ಏಳುವುದಿಲ್ಲ, ಮೊಳೆ ಹೊಡೆದ ಹಾಗೆ ಈ ಕುರ್ಚಿಯಲ್ಲಿ ಕೂರುತ್ತೇನೆ ಎಂದು ಮಾತು ಕೊಟ್ಟು ಬಂದಿದ್ದಾನೆ, ಕೊಟ್ಟದ್ದು ಯಾರಿಗೆ, ತನಗೇ, ಬಸ್ಸಿನ ಕಿಟಕಿಯ ಗಾಜಿನಲ್ಲಿ ಕಂಡ ತನ್ನ ಮುಖಕ್ಕೆ. ತನ್ನ ಜಾಯಮಾನ ಅವನಿಗೆ ಗೊತ್ತಿದೆ, ಮನೆಯವರ ನಡುವೆ ಆ ಮಾತು ಬರುವ ವಾಸನೆ ಹತ್ತಿದ ಕೂಡಲೇ ಏನಾದರೊಂದು ರಿಪೇರಿಗೆ ಎದ್ದು ಹೋಗುವವನು, ಹೋದ ವರ್ಷ ಇದೇ ಮನೆಯ ಸೋರುವ ನಲ್ಲಿ, ಅದರ ಹಿಂದೆ ಅಮ್ಮನ ಮನೆಯ ಗಡಿಯಾರ, ಅದು ಕೆಟ್ಟೇ ಇರಲಿಲ್ಲ, ಅವನು ಬಿಚ್ಚಿದ ಮೇಲೆ ಕೆಟ್ಟಿತು, ಅವನು ಅಡುಗೆಮನೆಯ ಸಿಂಕಿನ ಕೆಳಗೆ ತಲೆ ತೂರಿಸಿಕೊಂಡಿದ್ದಾಗ ಹೊರಗೆ ಅವಳು, ಅವನ ಹೆಂಡತಿ, ಒಬ್ಬಳೇ ಕೂತು ಉತ್ತರ ಕೊಟ್ಟಳು. ಇವತ್ತು ತಂಗಿಯ ಮಗುವಿಗೆ ಒಂದು ವರ್ಷ, ಐದನೆಯ ಮಹಡಿ, ಭಾನುವಾರ, ಊಟದ ಮೇಜಿಗೆ ಓದುವ ಮೇಜನ್ನೂ ಜೋಡಿಸಿ ಎರಡಕ್ಕೂ ಒಂದೇ ನೀಲಿ ಬಟ್ಟೆ ಹೊದಿಸಿದ್ದಾರೆ, ನಡುವೆ ಒಂದು ಬೆರಳಷ್ಟು ತಗ್ಗು, ಅಪ್ಪನ ಲೋಟ ಆ ತಗ್ಗಿನಲ್ಲಿ ಆಗಲೇ ಒಮ್ಮೆ ವಾಲಿತು, ಅಪ್ಪ ಕೇಳದ ಬಲಗಿವಿಯ ಕಡೆಗೇ ಚಿಕ್ಕಮ್ಮನನ್ನು ಕೂರಿಸಿಕೊಂಡಿದ್ದಾನೆ, ಅದು ಆಕಸ್ಮಿಕವಲ್ಲ, ಅಮ್ಮ ಮಗುವಿನ ಬಾಯಿಗೆ ಕೇಕಿನ ಚೂರು ಇಡುತ್ತಿದ್ದಾಳೆ, ಮಗು ಅದನ್ನು ಉಗಿದು ಅಮ್ಮನ ಮೂಗಿಗೆ ಅಂಟಿಸುತ್ತಿದೆ, ಎಲ್ಲರೂ ನಗುತ್ತಿದ್ದಾರೆ, ಅವನ ಹೆಂಡತಿಯೂ ನಗುತ್ತಿದ್ದಾಳೆ, ಚೆನ್ನಾಗಿ ನಗುತ್ತಾಳೆ ಅವಳು, ಮಕ್ಕಳ ಎದುರು ನಗುವುದನ್ನು ಬಿಟ್ಟವಳಲ್ಲ, ಅದನ್ನು ನೋಡುವಾಗಲೇ ಅವನ ಗಂಟಲಲ್ಲಿ ಆ ವಾಕ್ಯ ಮೇಲೆದ್ದು ಬಂದು ಕಿರುನಾಲಿಗೆಯ ಹತ್ತಿರ ನಿಲ್ಲುತ್ತದೆ, ಐದೇ ಪದ, ನಾಲ್ಕು ತಿಂಗಳಿಂದ ಪಾಠ ಮಾಡಿದ ವಾಕ್ಯ, ಒಂದು ಗುಟುಕು ನೀರು ಕುಡಿದ, ಅದು ಮತ್ತೆ ಕೆಳಗಿಳಿಯಿತು, ಹಾಳಾದ್ದು.

ಚಿಕ್ಕಮ್ಮ ಕೇಕಿನ ತಟ್ಟೆ ಪಕ್ಕಕ್ಕೆ ಸರಿಸಿದಳು, ಎರಡು ಮೊಣಕೈಯನ್ನೂ ಮೇಜಿನ ಮೇಲೆ ಊರಿದಳು, ಬಂತು, ಇನ್ನು ಬಂತು — ಮತ್ತೆ, ನಿಂದೇನಮ್ಮಾ ವಿಶೇಷ? ವಿಶೇಷ. ಈ ಪದವನ್ನು ಕಂಡುಹಿಡಿದವನು ಯಾರೋ, ಬೇರೆ ಯಾರಿಗೆ ಕೇಳಿದರೂ ಅದಕ್ಕೆ ಮಳೆ, ಸಂಬಳ, ಮೊಣಕಾಲು ನೋವು ಏನು ಬೇಕಾದರೂ ಉತ್ತರವಾಗಬಹುದು, ಮದುವೆಯಾಗಿ ಏಳು ವರ್ಷವಾದ ಹೆಂಗಸಿಗೆ ಕೇಳಿದರೆ ಮಾತ್ರ ಅದಕ್ಕೆ ಒಂದೇ ಅರ್ಥ, ಕೇಳುವವರ ಕಣ್ಣು ಮುಖದಿಂದ ಜಾರಿ ಹೊಟ್ಟೆಯ ಮೇಲೆ ಕೂರುತ್ತದೆ. ಏನಿಲ್ಲ ಚಿಕ್ಕಮ್ಮ, ಹೀಗೇ ನಡೀತಿದೆ. ಅವಳು ತಟ್ಟೆ ನೋಡುತ್ತಿದ್ದಾಳೆ, ಈ ಪ್ರಶ್ನೆ ಬಂದಾಗೆಲ್ಲ ಅವಳಿಗೆ ತಟ್ಟೆಯಲ್ಲಿ ಏನೋ ಕಾಣಿಸುತ್ತದೆ, ಫೋರ್ಕಿನ ತುದಿಯಿಂದ ಕೇಕಿನ ಪುಡಿಯನ್ನು ಒಂದು ಕಡೆ ಗುಡ್ಡೆ ಮಾಡುತ್ತಾಳೆ, ಬೇರೆ ಎಲ್ಲೂ ತಲೆ ತಗ್ಗಿಸಿದವಳಲ್ಲ, ನಗರದ ನೀರು ಪರೀಕ್ಷೆಯ ಕಚೇರಿಯಲ್ಲಿ ಕೆಲಸ, ಬೀದಿ ಬೀದಿಯ ನಲ್ಲಿಗಳಿಂದ ನೀರು ಹಿಡಿದು ತರುವುದು, ಬಾಟಲಿಗೆ ಚೀಟಿ ಅಂಟಿಸುವುದು, ಒಳಗೇನಿದೆ ಎಂದು ನೋಡಿ ಬರೆಯುವುದು, ಒಮ್ಮೆ ಒಂದು ದೊಡ್ಡ ಹೋಟೆಲಿನ ಮಾಲೀಕನಿಗೆ, ನಿಮ್ಮ ಟ್ಯಾಂಕಲ್ಲಿ ಇಲಿ ಸತ್ತಿದೆ ಸ್ವಾಮಿ, ಈ ನೀರು ನೀವೇ ಒಂದು ಲೋಟ ಕುಡಿದು ತೋರಿಸಿ, ಆಮೇಲೆ ಸಹಿ ಹಾಕ್ತೀನಿ ಅಂದವಳು. ಆಗೆಲ್ಲ ಸೈಕಲ್ಲಿನಲ್ಲೇ ಓಡಾಡುತ್ತಿದ್ದಳು, ಹಿಂದಿನ ಕ್ಯಾರಿಯರಿಗೆ ಹನ್ನೆರಡು ಬಾಟಲಿಯ ಕ್ರೇಟು ಕಟ್ಟಿಕೊಂಡು, ಏರು ದಾರಿಯಲ್ಲಿ ನಿಂತು ತುಳಿಯುತ್ತ, ಬಾಟಲಿಗಳು ಕಿಣಿಕಿಣಿ ಅನ್ನುವ ಸದ್ದು ತಿರುವಿನಾಚೆಯಿಂದಲೇ ಕೇಳಿಸುತ್ತಿತ್ತು, ಈಗ ಆ ಸೈಕಲ್ಲು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ಸ್ಟ್ಯಾಂಡು, ಸೀಟಿನಿಂದ ಗರ್ಭಕ್ಕೆ ಪೆಟ್ಟಾಗುತ್ತೆ ಅಂತ ಎಲ್ಲೋ ಕೇಳಿದೆ ಅಂದಳು ಚಿಕ್ಕಮ್ಮ, ಹೌದಂತೆ ಕಣಮ್ಮ ಅಂದಳು ಅಮ್ಮ, ಮಾರನೆಯ ವಾರದಿಂದ ಅವಳು ಕ್ರೇಟನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ. ಯಾಕೆ ಬಿಟ್ಟೆ ಅಂದ ಅವನು, ನಿನಗೆ ಗೊತ್ತಲ್ಲ, ಅದರಿಂದ ಏನೂ ಅಲ್ಲ ಅಂತ. ಬಿಡಿ, ಒಂದು ಮಾತು ಕಮ್ಮಿ ಆಗುತ್ತಲ್ಲ, ಪರವಾಗಿಲ್ಲ. ಪರವಾಗಿಲ್ಲ ಅಂದಳು, ಅವನು ಹೌದಾ ಅಂದ, ಟಿವಿ ಹಾಕಿದ — ಅಯ್ಯೋ, ಹೌದಾ ಅಂದು ಟಿವಿ ಹಾಕಿದ.

ಗೊತ್ತಿತ್ತು ಇಬ್ಬರಿಗೂ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವನು ಯಾರು ಅಂತ, ನಾಲ್ಕು ವರ್ಷದ ಹಿಂದೆಯೇ, ಆಸ್ಪತ್ರೆಯ ಆ ಉದ್ದ ಕಾರಿಡಾರಿನಲ್ಲಿ, ಹಸಿರು ಬೆಂಚು, ಎದುರಿನ ಗೋಡೆಯಲ್ಲಿ ಹಲ್ಲುಜ್ಜುವ ವಿಧಾನದ ಚಿತ್ರ, ಲಕೋಟೆ ಅವನ ಕೈಯಲ್ಲೇ ಇತ್ತು, ತೆರೆಯಲು ಬೆರಳು ಬರಲಿಲ್ಲ, ಅವಳೇ ತೆಗೆದುಕೊಂಡು ತೆರೆದಳು. ಅವಳ ಎಲ್ಲ ಪರೀಕ್ಷೆಯೂ ಸರಿ. ಅವನದು ಒಂದೇ ಸಾಲು, ವೀರ್ಯಾಣು, ಮುಂದೆ ಚುಕ್ಕಿ ಚುಕ್ಕಿ ಚುಕ್ಕಿ, ಪತ್ತೆಯಾಗಿಲ್ಲ. ಅವಳು ಅದನ್ನೇ ನೋಡುತ್ತ ಕೂತಳು, ಆಮೇಲೆ ಒಂದು ಮಾತು ಹೇಳಿದಳು, ದಿನಕ್ಕೆ ನಲವತ್ತು ಸಲ ಬರೀತೀನಿ ಈ ಪದ, ಯಾವಾಗ್ಲೂ ಖುಷಿಯಿಂದ ಬರೀತೀನಿ. ನೀರಿನಲ್ಲಿ ಏನೂ ಪತ್ತೆಯಾಗದಿದ್ದರೆ ಜನ ಕುಡಿಯಬಹುದು, ಅವಳ ಕಚೇರಿಯಲ್ಲಿ ಅದಕ್ಕಿಂತ ಒಳ್ಳೆಯ ಸುದ್ದಿಯಿಲ್ಲ. ಅವನು ಹಲ್ಲುಜ್ಜುವ ಹುಡುಗಿಯ ಚಿತ್ರ ನೋಡಿದ, ಮೇಲಿಂದ ಕೆಳಗೆ, ಕೆಳಗಿಂದ ಮೇಲೆ. ಅಂದು ಸಂಜೆ ಅಮ್ಮನ ಫೋನು, ಏನಂದ್ರೋ ಡಾಕ್ಟ್ರು? ಇನ್ನೂ ನೋಡ್ತಿದ್ದಾರಮ್ಮ. ಅವಳಿಗೇನಂತೆ? ಅವಳಿಗೇನಂತೆ ಎಂದು ಕೇಳಿದಳು ಅಮ್ಮ, ಬೇರೆ ಯಾರಿಗಾದರೂ ಏನಾದರೂ ಇರಬಹುದು ಎಂಬ ಯೋಚನೆಯೇ ಆ ತಲೆಗೆ ಹೊಳೆದಿರಲಿಲ್ಲ, ಆಗ ಒಂದು ಪದ ಸಾಕಿತ್ತು, ಅವಳಿಗಲ್ಲ, ಅಷ್ಟೇ, ಆದರೆ ಅವನು ಏನಂದ, ಔಷಧಿ ಕೊಡ್ತಾರಂತಮ್ಮ ಅಂದ. ಫೋನಿಟ್ಟು ತಿರುಗಿದರೆ ಅವಳು ಬಾಗಿಲಲ್ಲಿ, ಕೈಯಲ್ಲಿ ಎರಡು ಲೋಟ, ಕೇಳಿಸಿಕೊಂಡಿದ್ದಳು. ಪರವಾಗಿಲ್ಲ, ಆಮೇಲೆ ಹೇಳಿದ್ರಾಯ್ತು. ಆ ಆಮೇಲೆ ಎಂಬುದು ಮಂಜುಗಡ್ಡೆ ಅಲ್ಲ, ಇಟ್ಟರೆ ಕರಗುವುದಿಲ್ಲ, ಬೆಳೆಯುತ್ತದೆ, ಮೊದಲು ಒಂದು ತಿಂಗಳು, ಆಮೇಲೆ ಅಪ್ಪನ ಆಪರೇಷನ್ ಮುಗೀಲಿ, ಆಮೇಲೆ ತಂಗಿಗೆ ಹೆರಿಗೆಯಾಗಲಿ, ಅವಳಲ್ಲೇ ದೋಷ ಎಂದು ಬಾಯಿಬಿಟ್ಟು ಹೇಳಿದವನಲ್ಲ ಅವನು, ಒಮ್ಮೆಯೂ ಹೇಳಲಿಲ್ಲ, ಬರೀ ಸುಮ್ಮನಿದ್ದ, ಸುಮ್ಮನಿದ್ದೇ ಹೆಂಡತಿಯನ್ನು ಬಂಜೆ ಮಾಡಿದ.

ಮುಂದೂಡಿ ಮುಂದೂಡಿ ಹೋದ ವರ್ಷ ಸರತಿಯಲ್ಲಿ ಹೆಸರು ಬರೆಸಿದಾಗ ಹದಿನಾಲ್ಕು ತಿಂಗಳು ಕಾಯಬೇಕು ಅಂದಿತ್ತು ಆಸ್ಪತ್ರೆ, ಸಣ್ಣ ಶಸ್ತ್ರಕ್ರಿಯೆ ಮಾಡಿ ಒಳಗೆ ಹುಡುಕ್ತೀವಿ, ಒಂದೆರಡು ಸಿಕ್ಕರೂ ಸಾಕು, ಸಿಗದೇನೂ ಇರಬಹುದು, ಹೋಗಿ ಬನ್ನಿ. ಹೋಗಿ ಬನ್ನಿ ಅಂದರೆ ಎಲ್ಲಿಗೆ, ಕ್ಯಾಲೆಂಡರಿಗೆ. ಕಾಯುವುದಕ್ಕೆ ಔಷಧಿಯಿಲ್ಲ, ಸೂಜಿಯಿಲ್ಲ, ಯಾರೂ ಹೇಗಿದ್ದೀರಿ ಎನ್ನುವುದಿಲ್ಲ, ಎಂಟು ತಿಂಗಳಾದ ಮೇಲೆ ಒಂದು ಕಾಗದ ಬಂತು, ಚಿಕಿತ್ಸೆಗಾಗಿ ಕಾಯುತ್ತಿರುವ ದಂಪತಿಗಳಿಗೆ ಆಪ್ತಸಲಹೆ, ಹದಿನೈದು ದಿನಕ್ಕೊಮ್ಮೆ ಬುಧವಾರ ನಾಲ್ಕಕ್ಕೆ. ನನಗೇನು ಹುಚ್ಚಾ ಅಂದ ಅವನು. ಹುಚ್ಚು ಹಿಡಿಯೋಕೆ ಮುಂಚೆ ಹೋಗೋಣ ಬನ್ನಿ ಅಂದಳು. ಹಿಂದೆ ಮೂಳೆ ಮುರಿದವರಿಗೆ ಪಟ್ಟಿ ಹಾಕುತ್ತಿದ್ದ ಕೋಣೆ, ನೆಲದ ಸಂದಿಯಲ್ಲಿ ಇನ್ನೂ ಬಿಳಿ ಸುಣ್ಣ, ಐದು ಜೋಡಿ, ಹತ್ತು ಕುರ್ಚಿ, ಹನ್ನೊಂದನೆಯದರಲ್ಲಿ ಮಾತಿನ ಡಾಕ್ಟರು — ಹಾಗೆ ಹೆಸರಿಟ್ಟವನು ಅವನೇ — ಐವತ್ತರ ಹೆಂಗಸು, ಒಂದು ಕಾಲುಚೀಲ ಕಪ್ಪು ಇನ್ನೊಂದು ಕಡುನೀಲಿ, ಅದೇ ಮೊದಲ ದಿನ ಅವನಿಗೆ ಸ್ವಲ್ಪ ಧೈರ್ಯ ಕೊಟ್ಟದ್ದು. ಮೂರು ಬುಧವಾರ ಗಂಡಸರು ಯಾರೂ ಬಾಯಿಬಿಡಲಿಲ್ಲ, ಐದು ಜನವೂ ಚಾವಣಿಯ ಫ್ಯಾನು ಎಷ್ಟು ಸುತ್ತು ಸುತ್ತುತ್ತದೆ ಎಂದು ಎಣಿಸಿದರು, ನಾಲ್ಕನೆಯದರಲ್ಲಿ ಆ ಉದ್ದನೆಯ ಅಂಚೆಯವನು, ಬಾಗಿಲಿಗೆ ಬಗ್ಗಿ ಬರುವವನು, ಇದ್ದಕ್ಕಿದ್ದಂತೆ, ಇವಳು ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಅಳ್ತಾಳೆ ಮೇಡಂ, ನನಗೆ ಕೇಳಿಸಬಾರದು ಅಂತ, ನಾನು ಹೊರಗೆ ನಿಂತು ನೀರು ದಂಡ ಆಗ್ತಿದೆ ಅಂತ ಕೂಗ್ತೀನಿ, ನನಗೆ ಬೇರೆ ಏನು ಕೂಗಬೇಕು ಅಂತ ಗೊತ್ತಾಗಲ್ಲ — ಅಂಚೆಯವನ ಹೆಂಡತಿಯೇ ಮೊದಲು ನಕ್ಕಳು, ಆಮೇಲೆ ಎಲ್ಲರೂ, ಆಮೇಲೆ ಯಾರೂ ನಗುತ್ತಿರಲಿಲ್ಲ. ಐದನೆಯ ಬುಧವಾರ ಕುರ್ಚಿ ಬದಲಾಯಿಸಿ ಅಂದರು ಮಾತಿನ ಡಾಕ್ಟರು, ನೀವು ಅವರಾಗಿ, ಅವರು ನೀವಾಗಲಿ, ಒಬ್ಬರೇ ಇರುವಾಗ ಮನಸ್ಸಿನಲ್ಲಿ ಏನು ಹೇಳಿಕೊಳ್ತಾರೋ ಅದನ್ನ ಹೇಳಿ. ಮೊದಲು ಅವಳು, ಅವನ ಕುರ್ಚಿಯಲ್ಲಿ ಅವನ ಹಾಗೇ ಮೊಣಕಾಲಿನ ಮೇಲೆ ಕೈಯಿಟ್ಟು, ಮುಂದಿನ ಸಲ ಹೇಳಿಬಿಡ್ತೀನಿ, ಈ ಸಲ ಬೇಡ, ಮುಂದಿನ ಸಲ ಖಂಡಿತ, ದೇವರೇ ಅವಳು ನನ್ನ ಬಿಟ್ಟು ಹೋಗದೆ ಇರಲಿ. ಅವನಿಗೆ ಮೈ ಜುಮ್ಮೆಂದಿತು, ಒಂದಕ್ಷರವೂ ತಪ್ಪಿರಲಿಲ್ಲ, ಇಷ್ಟು ದಿನ ತನ್ನ ತಲೆಗೆ ಬಾಗಿಲಿದೆ ಎಂದುಕೊಂಡಿದ್ದನಲ್ಲ. ಈಗ ನೀವು. ಅವಳ ಕುರ್ಚಿ ಇನ್ನೂ ಬೆಚ್ಚಗಿತ್ತು. ಹುಡುಕಿದ, ಹುಡುಕಿದ, ಅವಳದೆಂದು ಅವನ ಬಳಿ ಇದ್ದದ್ದು ಒಂದೇ ಪದ. ಪರವಾಗಿಲ್ಲ ಅಂದ. ಅಷ್ಟೇನಾ? ಪರವಾಗಿಲ್ಲ. ಮತ್ತೆ? ಪರ — ಮೂರನೆಯ ಸಲ ಆ ಪದ ಮುಗಿಯಲಿಲ್ಲ, ನಲವತ್ತರ ಗಂಡಸು ಎಂಟು ಜನ ಅಪರಿಚಿತರ ಮುಂದೆ ಬಿಕ್ಕಿ ಬಿಕ್ಕಿ ಅತ್ತ, ಅಂಚೆಯವನು ಎದ್ದು ಬಂದು ತನ್ನ ಕರ್ಚೀಫು ಕೊಟ್ಟ, ಅದಕ್ಕೆ ಅಂಟಿನ ವಾಸನೆ.

ಹೇಳಲೇಬೇಕು ಅಂತ ನಾನು ಹೇಳಲ್ಲ, ಅಂದರು ಮಾತಿನ ಡಾಕ್ಟರು, ಗುಟ್ಟು ಇಟ್ಕೊಳ್ಳೋದು ತಪ್ಪಲ್ಲ, ಅದು ನಿಮ್ಮದು, ಆದರೆ ನಿಮ್ಮ ಮೂಟೆಯನ್ನ ಇವರ ತಲೆ ಮೇಲಿಟ್ಟು ನೀವು ಕೈಬೀಸ್ಕೊಂಡು ನಡೀತಿದ್ದೀರಾ, ಅದೊಂದು ನೋಡ್ಕೊಳ್ಳಿ. ನೋಡಿಕೊಂಡ, ನಾಲ್ಕು ತಿಂಗಳು ನೋಡಿಕೊಂಡ. ವಾಕ್ಯ ಕಟ್ಟಿದ, ಗುಂಪಿನಲ್ಲಿ ಹೇಳಿ ನೋಡಿದ, ಆ ಐವರಲ್ಲೊಬ್ಬ ಬೇಕರಿಯವನು ಇನ್ನೂ ಸ್ವಲ್ಪ ಗಟ್ಟಿಯಾಗಿ ಅಂದ, ಹದಿನೆಂಟು ಮಹಡಿಯ ಕಟ್ಟಡದ ತುದಿಯಲ್ಲಿ ಲಿಫ್ಟಿನ ಮೋಟರಿನ ಕೋಣೆಗೆ ಒಬ್ಬನೇ ಹೋಗಿ ಗ್ರೀಸು ಹಚ್ಚುತ್ತ ಮೋಟರಿಗೆ ಹೇಳಿದ, ತೊಂದರೆ ಇರೋದು ನನಗೆ, ಇವಳಿಗೇನೂ ಆಗಿಲ್ಲ, ಮೋಟರು ಗುರ್ ಅಂತು, ಆಕ್ಷೇಪವಿರಲಿಲ್ಲ. ಆದರೂ ಮುಂದಿನ ಸಲ, ಮುಂದಿನ ಸಲ. ಕೊನೆಗೆ ಹೋದ ವಾರ ಆಸ್ಪತ್ರೆಯ ಕಾಗದ, ನಿಮ್ಮ ಸರತಿ ಬಂದಿದೆ, ಒಪ್ಪಿಗೆಯ ಫಾರಮ್ಮಿಗೆ ಇಬ್ಬರೂ ಸಹಿ ಮಾಡಿ ಬುಧವಾರದೊಳಗೆ ಕೊಡಿ. ಅವನು ನಿಂತಲ್ಲೇ ಸಹಿ ಮಾಡಿದ. ಅವಳು ಪೆನ್ನು ತೆಗೆದುಕೊಳ್ಳಲಿಲ್ಲ. ಇಡೀ ದಿನ ಫಾರಮ್ಮು ಫ್ರಿಜ್ಜಿನ ಮೇಲೆ, ಮಾರನೆಯ ದಿನವೂ, ಮೂರನೆಯ ದಿನ ಬಟ್ಟೆ ಮಡಚುತ್ತ, ನನಗೆ ಸುಸ್ತಾಗಿದೆ ರೀ, ಚಿಕಿತ್ಸೆಯಿಂದ ಅಲ್ಲ, ಅದಿನ್ನೂ ಶುರುವೇ ಆಗಿಲ್ಲ, ಕಾದೂ ಅಲ್ಲ, ಕಾಯೋದು ನನಗೆ ಬರುತ್ತೆ. ಮತ್ತೆ? ನಾಳೆ ಆಗದೇ ಹೋದ್ರೆ ಅದೂ ನನ್ನ ತಲೆಗೇ ಬರುತ್ತೆ, ಮಗು ಆದ್ರೆ ಔಷಧಿ ಕುಡಿದು ಸೈಕಲ್ ಬಿಟ್ಟು ಸರಿಯಾದ್ಲು ಅಂತಾರೆ, ಎರಡರಲ್ಲೂ ನಾನು ಕೆಟ್ಟ ಯಂತ್ರ, ಸುಳ್ಳಿನೊಳಗೆ ಮಗು ಇಡೋದು ನನ್ನ ಕೈಲಾಗಲ್ಲ. ಜೋರು ಮಾಡಲಿಲ್ಲ, ಅಳಲಿಲ್ಲ, ಅವನ ಅಂಗಿಯ ತೋಳು ನೀಟಾಗಿ ಒಳಗೆ ಮಡಚಿದಳು. ಅವನಿಗೆ ಭಯವಾಯಿತು, ಹಗ್ಗ ಹರಿಯುವುದಿಲ್ಲ ಎಂದು ಹದಿನಾರು ವರ್ಷ ಜನರಿಗೆ ಹೇಳಿದವನಿಗೆ. ಭಾನುವಾರ ಹೇಳ್ತೀನಿ ಅಂದ. ಅವಳು ಅಂಗಿ ಕೆಳಗಿಟ್ಟು ನೋಡಿದಳು, ಹೇಳೋದಾದ್ರೆ ನಾನಿರುವಾಗ್ಲೇ ಹೇಳಿ, ನನ್ನ ಬೆನ್ನ ಹಿಂದೆ ಅಮ್ಮನ ಕಿವೀಲಿ ಬೇಡ, ನನ್ನನ್ನ ಅಂದಿದ್ದು ಎಲ್ಲರ ಮುಂದೆ ಅಲ್ವಾ.

ಎಲ್ಲರ ಮುಂದೆ. ಎಲ್ಲರೂ ಇದ್ದಾರೆ. ನಡೀತಿದೆ ಅಂದ್ರೆ ಏನಮ್ಮಾ ನಡೀತಿರೋದು, ಅನ್ನುತ್ತಿದ್ದಾಳೆ ಚಿಕ್ಕಮ್ಮ, ನಾನು ಬಾಯಿಬಿಟ್ಟು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ, ಸೈಕಲ್ ತುಳಿದೂ ತುಳಿದೂ ಮೈ ಕೆಡಿಸ್ಕೊಂಡೆ ನೀನು, ವಯಸ್ಸಲ್ಲಿ ಕೇಳಲಿಲ್ಲ, ಈಗ ನೋಡು, ನಮ್ಮ ಹುಡುಗ ಒಳ್ಳೆಯವನು, ಬೇರೆ ಯಾರಾದ್ರೂ ಆಗಿದ್ರೆ ಇಷ್ಟೊತ್ತಿಗೆ ಇನ್ನೊಂದು ದಾರಿ ನೋಡ್ಕೊಂಡಿರೋನು. ನಮ್ಮ ಹುಡುಗ ಒಳ್ಳೆಯವನು. ಫೋರ್ಕಿನ ತುದಿ ನಿಂತಿತು, ಕೇಕಿನ ಪುಡಿಯ ಗುಡ್ಡೆಯ ಪಕ್ಕದಲ್ಲಿ, ಅವಳು ಅವನತ್ತ ತಿರುಗಲಿಲ್ಲ, ತಿರುಗದಿದ್ದದ್ದೇ ಅವನಿಗೆ ಕೇಳಿಸಿತು, ತಂಗಿ ಗಾಬರಿಯಿಂದ ಯಾರಿಗೆ ಇನ್ನೊಂದು ಪೀಸು ಬೇಕು ಅನ್ನುತ್ತಿದ್ದಾಳೆ, ಈಗ, ಈಗಲ್ಲದಿದ್ದರೆ ಫ್ರಿಜ್ಜಿನ ಮೇಲಿನ ಆ ಕಾಗದ ಹಾಗೇ — ಚಿಕ್ಕಮ್ಮ, ತೊಂದರೆ ಇರೋದು ನನಗೆ. ಯಾರು ಹೇಳಿದ್ದು, ಅವನೇ, ಅವನದೇ ದನಿ, ಸ್ವಲ್ಪ ಸಣ್ಣಗೆ, ಆದರೆ ಮುರಿಯದೆ. ಇವಳಿಗೇನೂ ಆಗಿಲ್ಲ. ಯಾವತ್ತೂ ಆಗಿರಲಿಲ್ಲ. ನನ್ನಲ್ಲಿ ವೀರ್ಯಾಣು ಇಲ್ಲ ಅಂತ ನಾಲ್ಕು ವರ್ಷದ ಹಿಂದೆ ರಿಪೋರ್ಟು ಬಂತು, ನಾನು ಬಾಯಿ ಮುಚ್ಕೊಂಡು ಕೂತೆ, ನೀವೆಲ್ಲ ಇವಳನ್ನ ಅಂದ್ರಿ, ನಾನು ಕೇಳಿಸ್ಕೊಂಡು ಕೂತೆ. ಚಿಕ್ಕಮ್ಮನ ಬಾಯಿ ತೆರೆದೇ ಉಳಿಯಿತು, ಒಳಗೆ ಚಿನ್ನದ ಹಲ್ಲು ಕಂಡಿತು, ಅದನ್ನು ಅವನು ಹಿಂದೆಂದೂ ನೋಡಿರಲಿಲ್ಲ, ತಂಗಿಯ ಗಂಡ ಮೇಣದ ಬತ್ತಿಯನ್ನು ತುಂಬ ಶ್ರದ್ಧೆಯಿಂದ ಪರೀಕ್ಷಿಸತೊಡಗಿದ, ಅಷ್ಟರಲ್ಲಿ ಅಪ್ಪ ಕತ್ತು ಚಾಚಿ, ಏನಂದ? ಏನಂತೆ ಅವನು? — ಅಯ್ಯೋ ಅಪ್ಪನ ಕಿವಿ, ಇದೊಂದನ್ನು ಮೋಟರಿನ ಮುಂದೆ ಪಾಠ ಮಾಡಿರಲಿಲ್ಲ, ಒಮ್ಮೆ ಹೇಳಲು ನಾಲ್ಕು ವರ್ಷ ಹಿಡಿದದ್ದನ್ನು ಈಗ ಕೂಗಬೇಕು, ಎದ್ದು ನಿಂತ, ಮೇಜಿನ ಮೇಲೆ ಬಾಗಿದ, ನನಗೆ ಅಪ್ಪ, ತೊಂದರೆ ನನಗೆ, ಮಕ್ಕಳಾಗದೆ ಇರೋದು ನನ್ನಿಂದ, ಪಕ್ಕದ ಮನೆಗೂ ಕೇಳಿಸಿರಬೇಕು, ಕೇಳಲಿ, ಮೇಲಿನ ಮಹಡಿಗೂ ಕೇಳಲಿ, ಏನು ವಿಚಿತ್ರ, ಎರಡನೆಯ ಸಲಕ್ಕೆ ಆ ವಾಕ್ಯದಲ್ಲಿ ತೂಕವೇ ಇರಲಿಲ್ಲ, ಬೇಕಿದ್ದರೆ ಬೀದಿಗಿಳಿದು ತರಕಾರಿ ಮಾರುವವನ ಹಾಗೆ ರಾಗವಾಗಿ ಕೂಗಿಕೊಂಡು ಹೋಗಬಲ್ಲ, ಎದೆ ಇಷ್ಟು ದೊಡ್ಡದಿತ್ತೇ, ಇಷ್ಟು ಗಾಳಿ ಹಿಡಿಯುತ್ತಿತ್ತೇ ಇದು. ಅಪ್ಪ ಅವನ ಮುಖವನ್ನೇ ನೋಡಿದ, ಅಷ್ಟೇನಾ, ನಿನ್ನ ಮುಖ ನೋಡಿ ಕೆಲಸ ಹೋಯ್ತೇನೋ ಅಂದ್ಕೊಂಡೆ. ಆಮೇಲೆ ಲೋಟವನ್ನು ತಗ್ಗಿನಿಂದ ಎತ್ತಿ ಸಮನಾದ ಜಾಗದಲ್ಲಿಟ್ಟ, ಸೊಸೆಯ ಕಡೆ ತಿರುಗಿದ, ದನಿ ಇಳಿದಿತ್ತು, ಹಾಗಾದ್ರೆ ನಾವು ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಿದ್ವಾ ಇಷ್ಟು ವರ್ಷ? ಅವಳು ಫೋರ್ಕು ಕೆಳಗಿಟ್ಟಳು. ನಾನು ಎಮ್ಮೆನಾ ಮಾವ?

ಅಪ್ಪ ತಡವರಿಸಿದ, ಗಾದೆ ಅಮ್ಮಾ ಗಾದೆ, ಅದು ಹಾಗಲ್ಲ, ಅವಳ ತುಟಿಯ ಮೂಲೆ ಅದುರುತ್ತಿದೆ, ಅಳುವೋ ನಗುವೋ ಅವಳಿಗೇ ಇನ್ನೂ ಗೊತ್ತಿಲ್ಲ, ಅವನಿಗೂ, ಅವನು ನಿಂತೇ ಇದ್ದಾನೆ, ಕೂರುವುದು ಮರೆತಿದೆ, ಅಮ್ಮನ ಮೂಗಿನ ಮೇಲೆ ಕೇಕಿನ ಚೂರು ಹಾಗೇ ಇದೆ, ಅಮ್ಮನ ಕಣ್ಣು ಅವನ ಮೇಲಿಲ್ಲ, ಒಮ್ಮೆಯೂ ಅವನ ಮೇಲೆ ಬರಲಿಲ್ಲ, ಸೊಸೆಯ ಮೇಲಿದೆ. ಅಮ್ಮ ಮಗುವನ್ನು ತಂಗಿಯ ಕೈಗೆ ದಾಟಿಸಿದಳು. ಕೇಳಿದಳು, ಆ ಟಾನಿಕ್ಕು? ತಿಂಗಳಿಗೊಂದು ಬಾಟ್ಲಿ ಕಳಿಸ್ತಿದ್ದೆನಲ್ಲ, ಕಂದು ಬಣ್ಣದ್ದು, ಹೆಂಗಸರಿಗೆ ಅಂತ, ಅದು ವಿಷದ ಹಾಗೆ ಕಹಿ, ನಾನೇ ನೆಕ್ಕಿ ನೋಡಿದ್ದೆ, ಏನೂ ಇಲ್ಲದೆ ಅದನ್ನ ಕುಡಿದೆಯಾ ಇಷ್ಟು ವರ್ಷ? ಮೊದಲನೇ ಬಾಟ್ಲಿ ಕುಡಿದೆ ಅತ್ತೆ. ಆಮೇಲೆ? ಅವಳು ಈಗ ಮೊದಲ ಸಲ ತಿರುಗಿ ಅವನನ್ನು ನೋಡಿದಳು, ಇಡೀ ಮಧ್ಯಾಹ್ನಕ್ಕೆ ಮೊದಲ ಸಲ, ಉದ್ದಕ್ಕೆ, ತಲೆಯಿಂದ ಕಾಲಿನವರೆಗೆ ನೋಡಿದಳು, ಆಮೇಲಿಂದ ಎಲ್ಲ ಎತ್ತಿಗೇ ಕುಡಿಸಿದೆ. ನಿಜ, ಕುಡಿದಿದ್ದಾನೆ, ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ಎರಡು ಚಮಚ, ನಲವತ್ತು ಬಾಟಲಿ, ಹೇಳದೆ ಇರೋದಾದ್ರೆ ಕುಡೀರಿ ಅಂದಿದ್ದಳು, ಕುಡಿದ, ತೆಪ್ಪಗೆ, ಶಿಕ್ಷೆಯ ಹಾಗೆ — ಅಮ್ಮನ ಹೊಟ್ಟೆಯೊಳಗಿಂದ ಒಂದು ಸದ್ದು ಬಂತು, ಪ್ರೆಷರ್ ಕುಕ್ಕರಿನ ಸೀಟಿ ಬರುವ ಮೊದಲಿನ ಸದ್ದು, ಹೆಂಗಸರ ಟಾನಿಕ್ಕು, ಇವನಿಗೆ, ಮೀಸೆ ಹೊತ್ಕೊಂಡು, ಅಷ್ಟೇ ಹೇಳಲಾದದ್ದು, ಅಮ್ಮ ಮೇಜಿನ ಮೇಲೆ ಹಣೆಯಿಟ್ಟು ನಕ್ಕಳು, ಅವಳು ನಕ್ಕಳು, ಒಬ್ಬರನ್ನೊಬ್ಬರು ನೋಡುವುದು, ಮತ್ತೆ ನಗುವುದು, ತಂಗಿ ನಕ್ಕಳು, ಕೇಳಿಸದೆ ಅಪ್ಪನೂ ನಕ್ಕ, ಚಿಕ್ಕಮ್ಮ ಮಾತ್ರ ನನಗೇನಮ್ಮಾ ಗೊತ್ತು, ಯಾರಾದ್ರೂ ಒಂದು ಮಾತು ಹೇಳಬಾರದಾ ಅನ್ನುತ್ತ ತಟ್ಟೆ ನೋಡುತ್ತಿದ್ದಾಳೆ, ಈಗ ಅವಳಿಗೂ ಕಾಣಿಸುತ್ತಿದೆ ತಟ್ಟೆಯಲ್ಲಿ ಏನೋ. ನಗುನಗುತ್ತಲೇ ಹೆಂಡತಿಯ ನಗು ಜಾಡು ತಪ್ಪಿತು, ಭುಜ ಕುಲುಕತೊಡಗಿತು, ನಾಲ್ಕು ವರ್ಷದ್ದು, ನಲ್ಲಿ ಬಿಟ್ಟುಕೊಳ್ಳದೆ, ಬಾಗಿಲು ಹಾಕಿಕೊಳ್ಳದೆ, ಎಲ್ಲರ ಮುಂದೆ, ಅವನು ಮೇಜು ಸುತ್ತಿ ಹೋಗಬೇಕೆಂದು ಹೆಜ್ಜೆ ಎತ್ತಿದ, ಅಷ್ಟರಲ್ಲಿ ಅಮ್ಮ ಹೋಗಿಯಾಗಿತ್ತು, ಕುರ್ಚಿ ಎಳೆದು ಅವಳೆದುರು ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂತಳು, ತಪ್ಪಾಯ್ತು ಅನ್ನಲಿಲ್ಲ, ಅಮ್ಮನಿಗೆ ಆ ಪದ ಬರುವುದಿಲ್ಲ, ಕಣ್ಣೀರಲ್ಲಿ ನೆನೆದುಹೋಗಿದ್ದ ಅವಳ ಕನ್ನಡಕವನ್ನು ಎರಡೂ ಕೈಯಿಂದ ಮೆಲ್ಲಗೆ ತೆಗೆದಳು, ನೀಲಿ ಮೇಜುಬಟ್ಟೆಯ ಅಂಚು ಎಳೆದು ಒರೆಸಿದಳು, ಒಂದು ಗಾಜು, ಇನ್ನೊಂದು ಗಾಜು, ಬೆಳಕಿಗೆ ಹಿಡಿದು ನೋಡಿದಳು, ಹಾ ಎಂದು ಉಸಿರು ಬಿಟ್ಟು ಮತ್ತೆ ಒರೆಸಿದಳು, ಯಾರೂ ಅವಸರ ಮಾಡಲಿಲ್ಲ. ಬುಧವಾರ ಆಸ್ಪತ್ರೆಗೆ ಹೋಗಬೇಕು ಅತ್ತೆ, ಅಂದಳು ಅವಳು ಬರಿಗಣ್ಣು ಮುಚ್ಚಿಕೊಂಡು, ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿ ಕೊಡೋದಿದೆ. ನಾನೂ ಬರ್ಲಾ? ಬನ್ನಿ. ಸಹಿ ಹಾಕುತ್ತಾಳೆ, ಕೇಳಿದೆಯಾ, ಸಹಿ ಹಾಕುತ್ತಾಳೆ, ಸಿಗಲಿ ಸಿಗದಿರಲಿ, ಒಂದೆರಡಾದರೂ ಪತ್ತೆಯಾಗಲಿ ಆಗದಿರಲಿ, ಆ ದಿನ ಬಂದಾಗ ಅವಳು ಕೆಟ್ಟ ಯಂತ್ರವಲ್ಲ, ಯಾರ ಬಾಯಲ್ಲೂ ಅಲ್ಲ, ಅವನು ಇನ್ನೂ ನಿಂತೇ ಇದ್ದಾನೆ, ಎತ್ತಿದ ಹೆಜ್ಜೆ ಇಡಲು ನೆನಪಿಲ್ಲ, ಯಾರೋ ಅವನಿಗೆ ಕೇಕು ಕೊಡುತ್ತಿದ್ದಾರೆ, ಯಾರೋ ಅವನ ಬೆನ್ನು ತಟ್ಟಿದರು, ತಂಗಿಯ ಗಂಡನಿರಬೇಕು, ಬೇರೆ ಏನೂ ತಲೆಗೆ ಹೋಗುತ್ತಿಲ್ಲ, ಅಮ್ಮ ಕನ್ನಡಕ ಎತ್ತಿದಳು, ಒಂದು ಕಡ್ಡಿ ಕಿವಿಯ ಮೇಲೆ ಕೂತಿತು, ಇನ್ನೊಂದು ಕೂದಲಿನೊಳಗೆ ಸಿಕ್ಕಿಕೊಂಡಿತು, ಅಮ್ಮನ ಗಂಟುಬಿದ್ದ ಬೆರಳು ಕೂದಲನ್ನು ಬಿಡಿಸುತ್ತಿದೆ, ಒಂದೊಂದೇ ಎಳೆ, ಅವಳು ಮಗುವಿನ ಹಾಗೆ ಮುಖ ಒಡ್ಡಿ ಕೂತಿದ್ದಾಳೆ, ಕಣ್ಣು ಮುಚ್ಚಿದೆ, ಕನ್ನಡಕ ಸೊಟ್ಟಗಿದೆ, ಅಮ್ಮನ ಬೆರಳು, ಒಂದು ಎಳೆ, ಇನ್ನೊಂದು ಎಳೆ, ಅವಳ ಮುಚ್ಚಿದ ಕಣ್ಣು, ಸೊಟ್ಟಗಿನ ಕನ್ನಡಕ, ಅಮ್ಮನ ಬೆರಳು —